ಇಪ್ಪತ್ತನಾಲ್ಕು ಚಿಪ್‌ಗಳು

ಯಾರಿಗೂ ಹೇಳಿರಲಿಲ್ಲ, ನನಗೆ ನಾನೇ ಒಪ್ಪಿಕೊಂಡಿದ್ದೆ: ರೋಗಿಗಳಲ್ಲಿ ಬೇರೆಯಾಗಿ ಕಂಡ ಆ ಮುನ್ನೂರ ನಲವತ್ತು ಜೀನ್‌ಗಳು ಬಹುಪಾಲು ನನ್ನ ತಪ್ಪಿನಿಂದ ಹುಟ್ಟಿದವು.

ನಮ್ಮ ಲ್ಯಾಬಿನದು ಲಿವರ್ ರೋಗಿಗಳ ರಕ್ತದ ಕೆಲಸ. ಒಬ್ಬೊಬ್ಬರ ರಕ್ತಕ್ಕೂ ಒಂದು ಗಾಜಿನ ಚಿಪ್, ಅದರ ಮೇಲೆ ಸಾವಿರಾರು ಚುಕ್ಕೆಗಳು, ಜೀನಿಗೊಂದರಂತೆ. ಚುರುಕಾದ ಜೀನಿನ ಚುಕ್ಕೆ ಹೆಚ್ಚು ಹೊಳೆಯುತ್ತದೆ. ಆದರೆ ಬಣ್ಣ ಸರಿಯಾಗಿ ಹಿಡಿಯದಿದ್ದರೆ, ಹೊಳಪು ಓದುವ ಸ್ಕ್ಯಾನರ್ ಅಂದು ಮುನಿಸಿಕೊಂಡಿದ್ದರೆ ಇಡೀ ಚಿಪ್ ಮಂಕಾಗುತ್ತದೆ. ಅದಕ್ಕೇ ಹೋಲಿಸುವ ಮೊದಲು ಎಲ್ಲದರ ಹೊಳಪನ್ನೂ ಒಂದೇ ಅಳತೆಗೆ ತರಬೇಕು. ಅದು ನನ್ನ ಪಾಲಿನ ಕೆಲಸ.

ರೋಗಿಗಳ ಹನ್ನೆರಡು ಚಿಪ್ ಮೊದಲು ಬಂದವು. ಅವನ್ನು ತಮ್ಮತಮ್ಮೊಳಗೆ ಸರಿಹೊಂದಿಸಿದೆ. ತಿಂಗಳ ನಂತರ ಆರೋಗ್ಯವಂತರ ಹನ್ನೆರಡು, ಅವನ್ನೂ ಹಾಗೆಯೇ. ಎರಡನ್ನೂ ಕೂಡಿಸಿ ಮಾಡಲೇ ಇಲ್ಲ. ಸ್ಕ್ಯಾನರ್ ಅಂದು ಓದಿದ್ದಕ್ಕೂ ತಿಂಗಳ ನಂತರ ಓದಿದ್ದಕ್ಕೂ ಇದ್ದ ವ್ಯತ್ಯಾಸ ರೋಗದ ವೇಷ ಹಾಕಿಕೊಂಡು ಕೂತಿತ್ತು. ಈ ಬೆಳಿಗ್ಗೆ ಇಪ್ಪತ್ತನಾಲ್ಕನ್ನೂ ಸೇರಿಸಿ ಮಾಡಿದೆ. ಉಳಿದದ್ದು ಒಂಬತ್ತು ಜೀನ್.

ಹನ್ನೊಂದಕ್ಕೆ ಆ ರೋಗಿಗಳನ್ನು ನೋಡುವ ಡಾಕ್ಟರು ಬರುವವರಿದ್ದರು. ಮುನ್ನೂರ ನಲವತ್ತು ಜೀನ್‌ಗಳ ಹಳೆಯ ಪಟ್ಟಿ ಕೈಗೆ ಸಿಕ್ಕರೆ, ಅವನ್ನು ಲಿವರಿನಲ್ಲೂ ಪರೀಕ್ಷಿಸಲು ಹನ್ನೆರಡು ರೋಗಿಗಳನ್ನೂ ಕರೆಸಿ, ಲಿವರಿಗೆ ಮತ್ತೆ ಸೂಜಿ ಹಾಕಿ ತುಣುಕು ತೆಗೆಯುತ್ತಾರೆ.

"ಏನೇ, ಇಂಗು ತಿಂದ ಮಂಗನ ಹಾಗೆ ಕೂತಿದ್ದೀಯ?" ಅಕ್ಕ ಕೇಳಿದಳು. ಆ ಪಟ್ಟಿಯ ಮೇಲೇ ಥೀಸಿಸ್ ಬರೆಯುತ್ತಿರುವ ಹಿರಿಯಳು, ಲ್ಯಾಬಿಗೆಲ್ಲ ಅಕ್ಕ. ನಾನು ಪರದೆಯನ್ನು ಅವಳತ್ತ ತಿರುಗಿಸಿದೆ. ಅವಳ ನಗು ಇಳಿದುಹೋಯಿತು.

"ಒಂಬತ್ತಾ? ನನ್ನ ಮೂರು ವರ್ಷ ಕಣೇ ಅದು!"

"ಗೊತ್ತಕ್ಕ."

"ಇವತ್ತು ಬಾಯಿ ಬಿಡಬೇಡ. ಮುಂದಿನ ವಾರ ನಾನೇ ಮೇಡಂ ಹತ್ರ ನಿಧಾನಕ್ಕೆ ಹೇಳ್ತೀನಿ."

"ಅಷ್ಟರಲ್ಲಿ ಸೂಜಿ ಹಾಕಿಬಿಟ್ರೆ?"

"ಶ್, ಬಂದ್ರು."

ಡಾಕ್ಟರು ಕುರ್ಚಿ ಎಳೆದುಕೊಂಡರು. ಜೊತೆಗೇ ಬಂದ ಲ್ಯಾಬಿನ ಮುಖ್ಯಸ್ಥೆ ಮೇಡಂ ಹಳೆಯ ಪಟ್ಟಿಯನ್ನು ಅವರ ಮುಂದೆ ಸರಿಸಿ, "ನಮ್ಮ ಈ ಹುಡುಗಿ ಮಾಡಿದ್ದು. ಬಾಯಿ ಬಿಟ್ರೆ ಮುತ್ತು ಉದುರಿಬಿಡುತ್ತೆ ಅಂತ ಮಾತೇ ಆಡಲ್ಲ, ಕೆಲಸ ಮಾತ್ರ ಅಚ್ಚುಕಟ್ಟು," ಎಂದು ನಕ್ಕರು.

"ಹಾಗಾದ್ರೆ ಸೋಮವಾರದಿಂದಲೇ ಕರೆಸ್ತೀನಿ." ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. "ಮೊದಲು ಆ ಬಸ್ ಡ್ರೈವರ್. ಹೋದ ಸಲ ಸೂಜಿ ಹಾಕಿದಾಗ ರಕ್ತ ನಿಲ್ಲದೆ ಒದ್ದಾಡಿಬಿಟ್ಟ, ಪಾಪ. ಆದ್ರೂ ಇಷ್ಟೊಂದು ಜೀನ್ ಹೇಳ್ತಿರುವಾಗ ಬಿಡೋಕಾಗುತ್ತಾ?"

ಮೇಜಿನಡಿಯಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಬಿಡಿಸಿಕೊಳ್ಳಲಿಲ್ಲ. ಅವಳು ಹಿಡಿದಿರುವಂತೆಯೇ ಎದ್ದು ನಿಂತೆ.

"ಸರ್, ಯಾರನ್ನೂ ಕರೆಸಬೇಡಿ. ಆ ಪಟ್ಟಿ ರೋಗದ್ದಲ್ಲ, ನನ್ನ ತಪ್ಪಿನದು."