ಎತ್ತಿದ ಕೈ

ಮುಖ್ಯೋಪಾಧ್ಯಾಯರು ಗಂಡನ ಶವದ ಕಾಲ ಬಳಿ ಇಟ್ಟ ಹೂಗುಚ್ಛವನ್ನು ಆಕೆ ಎತ್ತಿಕೊಂಡು ಹೋಗಿ ಬಾಗಿಲಾಚೆ ಚಪ್ಪಲಿಗಳ ಪಕ್ಕ ಇಟ್ಟುಬಂದಳು.

"ಅತ್ತಿಗೆ, ಜನ ನೋಡ್ತಿದಾರೆ. ಇವತ್ತೊಂದು ದಿನ ತಡ್ಕೊಳ್ಳಿ," ಎಂದಳು ನಾದಿನಿ.

"ಹದಿನಾಲ್ಕು ವರ್ಷ ತಡ್ಕೊಂಡೇ ಇದೀನಮ್ಮ."

ಮುಖ್ಯೋಪಾಧ್ಯಾಯರು ಕಂಡೂ ಕಾಣದವರಂತೆ ಜೇಬಿನಿಂದ ಕಾಗದ ತೆಗೆದು ಗಂಟಲು ಸರಿಮಾಡಿಕೊಂಡರು. "ಯೋಗ್ಯ ಮಗುವನ್ನ ಗುರುತಿಸೋದ್ರಲ್ಲಿ ನಮ್ಮ ಬ್ಯಾಂಡ್ ಮೇಷ್ಟ್ರದ್ದು ಎತ್ತಿದ ಕೈ. ಈ ವರ್ಷದಿಂದ ಉತ್ತಮ ಬ್ಯಾಂಡ್ ನಾಯಕರಿಗೆ ಅವರ ಹೆಸರಲ್ಲೇ ಪದಕ..."

ಆಕೆಗೆ ಮೈಯೆಲ್ಲ ಉರಿದುಹೋಯಿತು.

*

ಹದಿನಾಲ್ಕು ವರ್ಷದ ಹಿಂದೆ ಬ್ಯಾಂಡ್ ಸ್ಪರ್ಧೆ ಮುಗಿಸಿ ಬಂದ ಮೇಷ್ಟ್ರು ಷೂ ಸಹ ಬಿಚ್ಚದೆ ಮಾತಿಗೆ ಶುರುವಿಟ್ಟಿದ್ದರು. ಕವಾಯತಿನ ನಡುವೆ ದೊಡ್ಡ ಡ್ರಮ್ಮಿನವನು ತಾಳ ತಪ್ಪಿದನಂತೆ. ನಲವತ್ತು ಮಕ್ಕಳೂ ದಿಕ್ಕಾಪಾಲು. ಆಗ ದರ್ಜಿಯ ಮಗಳು ತನ್ನ ಸಣ್ಣ ಡ್ರಮ್ಮಿನಲ್ಲೇ ಅಷ್ಟೂ ಜನರನ್ನು ಒಬ್ಬೊಬ್ಬರಾಗಿ ದಾರಿಗೆ ತಂದಳಂತೆ. ತಪ್ಪಿದವನನ್ನು ತಿರುಗಿಯೂ ನೋಡಲಿಲ್ಲವಂತೆ. "ನೋಡಿದ್ರೆ ಅವನು ಅತ್ತೇ ಬಿಡ್ತಿದ್ದ. ಅದೂ ಗೊತ್ತು ಕಣೆ ಅವಳಿಗೆ! ನಾಯಕಿ ಅಂದ್ರೆ ಅದು!" ಊಟ ಆರಿ ತಣ್ಣಗಾಗಿತ್ತು.

ಆ ವರ್ಷದ ಉತ್ತಮ ನಾಯಕರ ಪದಕಕ್ಕೆ ಅವಳ ಹೆಸರನ್ನೇ ಬರೆದುಕೊಟ್ಟರು. ವಾರ ಕಳೆಯುವುದರೊಳಗೆ ಮುಖ್ಯೋಪಾಧ್ಯಾಯರು ಕರೆಸಿಕೊಂಡರು. ಶಾಲೆಗೆ ಹೊಸ ಕಟ್ಟಡ ಕಟ್ಟಿಸಿಕೊಟ್ಟವರ ಮಗನೂ ಬ್ಯಾಂಡಿನಲ್ಲಿದ್ದ. ಪದಕ ಅವನ ಹೆಸರಿಗೆ ಬದಲಾಗದಿದ್ದರೆ ಬ್ಯಾಂಡೇ ಇರುವುದಿಲ್ಲ ಎಂದರಂತೆ.

"ಸಹಿ ಹಾಕ್ಬಿಟ್ಟೆ," ಎಂದು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತರು.

"ನನಗೇನು ಹೇಳ್ತೀರಿ? ಹೋಗಿ ಆ ಹುಡುಗಿಗೆ ಹೇಳಿ."

ನಾಲ್ಕು ದಿನ ಆಕೆ ಗಂಡನೊಂದಿಗೆ ಮಾತಾಡಲಿಲ್ಲ. ಅವರು ಹೋಗಿ ಹೇಳಿದರೋ ಇಲ್ಲವೋ, ಆಕೆ ಕೇಳಲಿಲ್ಲ.

*

"ಭಾಷಣ ನಿಲ್ಲಿಸ್ರೀ," ಎಂದಳು ಆಕೆ. "ಇವರು ಗುರುತಿಸಿದ್ರು. ಅಳಿಸಿದ್ದು ನೀವು. ಅಳಿಸೋಕೆ ಕೈ ಜೋಡಿಸಿದ್ದು ಇವರು. ಸತ್ತಿದಾರೆ ಅನ್ನೋ ಕಾರಣಕ್ಕೆ ಸುಳ್ಳು ಹೇಳಲ್ಲ ನಾನು."

ಬಸ್ ಚಾಲಕಿಯ ಸಮವಸ್ತ್ರದಲ್ಲಿ ಬಾಗಿಲಲ್ಲಿ ನಿಂತಿದ್ದವಳೊಬ್ಬಳು ಒಳಗೆ ಬಂದಳು. ಮುಖ್ಯೋಪಾಧ್ಯಾಯರು ಅವಳಿಗೆ ದಾರಿ ಬಿಟ್ಟರೇ ಹೊರತು ಗುರುತು ಹಿಡಿಯಲಿಲ್ಲ. ಆಕೆ ಹಿಡಿದಳು. ದರ್ಜಿಯ ಮಗಳು.

"ಮೇಷ್ಟ್ರು ಮನೆಗೆ ಬಂದು ಹೇಳಿದ್ರಮ್ಮ. ನಾನು ಮುಖದ ಮೇಲೇ ಬಾಗಿಲು ಹಾಕ್ದೆ. ಆಮೇಲೆ ಡ್ರಮ್ ಮುಟ್ಟಲಿಲ್ಲ."

"ಸಿಟ್ಟು ಹೋಯ್ತಾ?"

"ಇಲ್ಲ."

"ನಂದೂ ಹೋಗಿಲ್ಲ. ಇರ್ಲಿ ಬಿಡು. ಬಂದ್ಯಲ್ಲ."

ಶವ ಹೊರಡುವ ಹೊತ್ತಾಯಿತು. ಬೀದಿಯಲ್ಲಿ ಶಾಲೆಯ ಬ್ಯಾಂಡು ಸಾಲಾಗಿ ನಿಂತಿತ್ತು. ಈ ವರ್ಷದ ನಾಯಕಿಗೆ ಹನ್ನೆರಡು ವರ್ಷವಿರಬಹುದು. ಅಳು ಒತ್ತರಿಸಿ ಬಂದು, ಡ್ರಮ್ಮಿನ ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಬೇಗ, ಬೇಗ! ಬೇರೆ ಯಾರಾದ್ರೂ ಶುರು ಮಾಡ್ರೋ," ಎಂದು ಮುಖ್ಯೋಪಾಧ್ಯಾಯರು ಗದರಿದರು.

"ಬೇರೆ ಯಾರೂ ಇಲ್ಲ. ಇವಳೇ ಮಾಡ್ತಾಳೆ," ಎಂದಳು ದರ್ಜಿಯ ಮಗಳು. ಹುಡುಗಿಯ ಪಕ್ಕ ಹೋಗಿ ನಿಂತಳು. ಕೋಲು ಮಾತ್ರ ತಾನು ತೆಗೆದುಕೊಳ್ಳಲಿಲ್ಲ. "ಮೂಗು ಒರೆಸ್ಕೋ. ನಿನ್ನ ಉಸಿರು ಎಷ್ಟು ನಿಧಾನವೋ ಅಷ್ಟೇ ನಿಧಾನ ಬಾರಿಸು. ಅವರೆಲ್ಲ ಕಾಯ್ತಾರೆ."

ಎಲ್ಲರೂ ಕಾದರು. ಹುಡುಗಿ ಬಾರಿಸಿದಳು.

ಮೆರವಣಿಗೆ ಸಾಗಿತು. ಗಂಡನ ಹಿಂದೆ ನಡೆಯುತ್ತಿದ್ದ ಆಕೆ ಒಮ್ಮೆ ಪಕ್ಕಕ್ಕೆ ನೋಡಿದಳು. ಭಾಷಣದ ಕಾಗದವನ್ನು ಮುಷ್ಟಿಯಲ್ಲಿ ಹಿಡಿದ ಮುಖ್ಯೋಪಾಧ್ಯಾಯರು ಆ ಹನ್ನೆರಡರ ಹುಡುಗಿಯ ತಾಳಕ್ಕೆ ಹೆಜ್ಜೆ ಹೊಂದದೆ, ಎಡಗಾಲೋ ಬಲಗಾಲೋ ಎಂದು ಮತ್ತೆ ಮತ್ತೆ ಕಾಲು ಬದಲಿಸುತ್ತಿದ್ದರು.