ನೂರಾ ಹದಿಮೂರನೆಯವಳು

ಹಿಂಡಿದ ನಿಂಬೆಸಿಪ್ಪೆಯ ವಾಸನೆ ಎಂದರೆ ಇಂದುಬಾಯಿಗೆ ಇಂಡಿ ಊರಿನ ಅಜ್ಜಿಮನೆ. ಉಪ್ಪಿನಕಾಯಿ ಹಾಕಿದ ದಿನ ಅಜ್ಜಿ ಆ ಕೈಯಿಂದಲೇ ಮೊಮ್ಮಗಳ ಕೆನ್ನೆ ಸವರುತ್ತಿದ್ದಳು. ಈಗ ಬಾಗೇವಾಡಿಯ ದವಾಖಾನೆಯ ಡಾಕ್ಟರಾಗಿ, ಹೆಣ ಕೊಯ್ದ ಮೇಲೆ ಅವರು ಅದೇ ಸಿಪ್ಪೆಯನ್ನು ಕೈಗೆ ತಿಕ್ಕಿಕೊಳ್ಳುತ್ತಿದ್ದರು. ಏನೂ ಅನ್ನಿಸುತ್ತಿರಲಿಲ್ಲ.

೧೯೭೬ರ ಆ ಮಧ್ಯಾಹ್ನ ಮೇಜಿನ ಮೇಲೆ ಮುಂಬಯಿಯ ವೈದ್ಯಪತ್ರಿಕೆಯೊಂದರಿಂದ ಬಂದ ಕಾಗದವಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳಲ್ಲಿ ಐದು ವರ್ಷದಲ್ಲಿ ಬಾವಿಗೆ ಬಿದ್ದು ಸತ್ತ ನೂರಾ ಹನ್ನೆರಡು ಹೆಂಗಸರ ಶವಪರೀಕ್ಷೆಯ ವರದಿಗಳನ್ನು ಕೂಡಿಸಿ ಅವರೊಂದು ಲೇಖನ ಬರೆದಿದ್ದರು. ಪಂಚನಾಮೆಗಳಲ್ಲೆಲ್ಲ ಒಂದೇ ಸಾಲು: 'ಹೊಟ್ಟೆನೋವು ತಾಳಲಾರದೆ.' ಹೊಟ್ಟೆಯ ರೋಗ ಸಿಕ್ಕಿದ್ದು ನಾಲ್ವರಲ್ಲಿ ಮಾತ್ರ.

ಸಂಪಾದಕರ ಉತ್ತರ ಚಿಕ್ಕದಾಗಿತ್ತು. ಬಾವಿಯ ಸಾವು ಸಾಮಾನ್ಯ. ನ್ಯಾಯವೈದ್ಯಕೀಯ ಪತ್ರಿಕೆಗಳಲ್ಲಿ ಈಗ ಅಪರೂಪದ ಪ್ರಕರಣಕ್ಕೇ ಜಾಗ. ತಾವು ತಿಳಿಸಿದ್ದ ಸಿಡಿಲು ಬಡಿದ ಕುರುಬನ ವಿಷಯ ಕಳಿಸಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ.

ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂದು ಅವರು ಬಹಳ ಕಾದಿದ್ದರು. ಬಿಳಿ ಹಾಳೆ ತೆಗೆದು 'ಸಿಡಿಲು' ಎಂದು ಬರೆದರು. ಅಷ್ಟರಲ್ಲಿ ಪೊಲೀಸ್ ಜಮಾದಾರ ಸಿದ್ದರಾಯ ಹೂವಿನ ಹಿಪ್ಪರಗಿಯಿಂದ ಬಾವಿಗೆ ಬಿದ್ದ ಒಬ್ಬ ಹೆಣ್ಣುಮಗಳ ಹೆಣ ತಂದ.

"ಪಂಚನಾಮ್ಯಾಗ ಹೊಟ್ಟಿ ಬ್ಯಾನಿ ಅಂತ ಬರದೀನ್ರಿ ಬಾಯಾರ."

"ನಾ ಇನ್ನೂ ನೋಡೇ ಇಲ್ಲಲ್ರಿ."

"ನೋಡೂದೇನೈತ್ರಿ? ಹೊಟ್ಟಿ ಬ್ಯಾನಿ ಅಂದ್ರ ಕೇಸಿಲ್ಲ, ಕೋರ್ಟಿಲ್ಲ. ಊರಿಗೆಲ್ಲ ಆರಾಮ!"

ಇಂದುಬಾಯಿ ನೋಡಿದರು. ಹೊಟ್ಟೆಯಲ್ಲಿ ರೋಗದ ಗುರುತಿರಲಿಲ್ಲ. ಕೈ ತೊಳೆದು ಹೊರಬಂದಾಗ ಬೇವಿನ ಬುಡದಲ್ಲಿ ಸತ್ತವಳ ತಾಯಿ ಸಾತವ್ವ ಕೂತಿದ್ದಳು. ಐದು ವರ್ಷದಲ್ಲಿ ಹೀಗೆ ಹೊರಗೆ ಕೂತವರನ್ನು ತಾವು ಒಮ್ಮೆಯೂ ಮಾತಾಡಿಸಿಲ್ಲವೆಂದು ಅವರಿಗೆ ಆಗ ಹೊಳೆಯಿತು.

"ನಿನ್ನ ಮಗಳಿಗೆ ಹೊಟ್ಟಿ ಬ್ಯಾನಿ ಇತ್ತೇನವ್ವ?"

ಸಾತವ್ವ ಜಮಾದಾರನ ಕಡೆ ನೋಡಿದಳು. ಆಮೇಲೆ ಹೇಳಿದಳು.

"ಇದ್ದಿದ್ದಿಲ್ರಿ. ಗಂಡನ ಮನ್ಯಾಗ ಬಡೀತಿದ್ರು. ನನ್ನ ಯಾರೂ ಕೇಳಲೇ ಇಲ್ರಿ."

"ಬರಕೋರಿ ಜಮಾದಾರ," ಎಂದರು ಇಂದುಬಾಯಿ.

ಸಿದ್ದರಾಯ ಪಂಚನಾಮೆಯ ಕಾಗದ ಮಡಿಸಿದ, ಮತ್ತೆ ಬಿಚ್ಚಿದ. ಕೊನೆಗೆ ಹೊಟ್ಟೆನೋವಿನ ಸಾಲು ಹೊಡೆದುಹಾಕಿ ಅವಳ ಮಾತು ಬರೆದುಕೊಂಡ.

ಒಳಗೆ ಇಂದುಬಾಯಿ ಸಿಡಿಲಿನ ಹಾಳೆ ಹರಿದರು. ಸಂಪಾದಕರಿಗೆ ಮೂರೇ ಸಾಲು ಬರೆದರು: ಈಗ ಲೆಕ್ಕ ನೂರಾ ಹದಿಮೂರು. ಅಚ್ಚು ಹಾಕದಿದ್ದರೆ ಲೇಖನ ಮರಳಿಸಿರಿ, ಬೇರೆ ಕಡೆ ಕಳಿಸುತ್ತೇನೆ. ಕುರುಬನ ವಿಷಯ ಕಳಿಸುವುದಿಲ್ಲ. ಅವರಿಗೆ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಸಹಿ ಹಾಕಿ ತಲೆಯೆತ್ತಿದರು.

ಕಿಟಕಿಯಾಚೆ ಸಿದ್ದರಾಯ ಟೊಪ್ಪಿಗೆ ತೆಗೆದಿಟ್ಟು, ಸೈಕಲ್ಲಿಗೆ ಸಿಕ್ಕಿಸಿದ್ದ ತನ್ನ ಬುತ್ತಿ ಬಿಚ್ಚುತ್ತಿದ್ದ. ಎರಡು ರೊಟ್ಟಿ, ಮೇಲೆ ಪುಂಡಿಪಲ್ಯ. ಸಾತವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ರೊಟ್ಟಿಯನ್ನು ಅವಳ ಕೈಗಿಟ್ಟ.