ಎಡಗಡೆಯ ಬೋಲ್ಟು

ಸುಯ್ ಎಂದದ್ದು ಪಂಪಿನ ಕೊಳವೆಯೋ ಸೈಕಲ್ಲಿನ ಮುಂದಿನ ಫೋರ್ಕಿನ ಹೊಟ್ಟೆಯೋ, ಇಪ್ಪತ್ತೊಂದು ವರ್ಷದಿಂದ ಈ ಪಂಪು ಬಿಚ್ಚುತ್ತಿದ್ದೇನೆ, ಪ್ರತಿ ಸಲವೂ ಇದೇ ಅನುಮಾನ — ಅದು ಕೊಳವೇಲಿ ಉಳಿದ ಗಾಳಿ ಕಣೇ, ಒಳಗಿಂದು ಒಳಗೇ ಇರುತ್ತೆ, ಎಂದು ಇವರು ಹೇಳಿಕೊಟ್ಟಿದ್ದರು, ಆಗ ಇವರು ಹೇಳಿದ್ದನ್ನೆಲ್ಲ ನಂಬುತ್ತಿದ್ದೆ, ಈಗ ಮತ್ತೆ ಸಿಕ್ಕಿಸಿ ನೋಡುತ್ತೇನೆ, ಪಂಪಿನ ಮುಳ್ಳು ಐವತ್ತೆಂಟರಲ್ಲಿದೆ, ತುಂಬಿದ್ದು ಅರವತ್ತೆರಡು, ಸಿಕ್ಕಿಸುವಾಗಲೇ ಕೊಳವೆ ತನ್ನ ಪಾಲು ಕುಡಿದುಬಿಡುತ್ತದೆ, ನೋಡಹೋದರೆ ಕಡಿಮೆಯಾಗುತ್ತದೆ, ನೋಡದೆ ಬಿಟ್ಟರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮತ್ತೆ ಅರವತ್ತೆರಡಕ್ಕೆ ಏರಿಸಿದೆ, ಜೆನಿಶಾಳ ತೂಕಕ್ಕೆ ಅಷ್ಟು ಸಾಕು, ಮಗಳ ತೂಕ ನನಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು, ಹೆಲ್ಮೆಟ್ಟು, ಮೊಣಕಾಲಿನ ಕವಚ, ಬೆನ್ನಿನ ನೀರಿನ ಚೀಲ ಎಲ್ಲ ಸೇರಿ ಅರವತ್ತೊಂದು ಕೆಜಿ, ಭುಜದ ಎಲುಬಿನ ಮೇಲೆ ಕೂತಿರುವ ಉಕ್ಕಿನ ಪಟ್ಟಿಯೂ ಅದರ ಆರು ಸ್ಕ್ರೂಗಳೂ ಸೇರಿ. ಹೋದ ವರ್ಷ ಸೈಕಲ್ಲಿಂದ ಬಿದ್ದು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಕೂಡಲೇ ಕೇಳಿದ್ದಳು, ಸ್ಕ್ರೂ ಹಾಕಿದ ಮೇಲೆ ಡಾಕ್ಟರ್ ನಮ್ಮಂಗಡೀಲಿ ಎಳೆಯೋ ಹಾಗೆ ಗೆರೆ ಎಳೆದ್ರಾ ಮಾಂ, ಯಾವ ಬಣ್ಣದ್ದು? ನಾನು ನಕ್ಕಿದ್ದೆ. ಇವರು ನಕ್ಕಿರಲಿಲ್ಲ. ಇವರು ಗೋಡೆಯ ಕಡೆ ತಿರುಗಿಕೊಂಡಿದ್ದರು, ಆಗಲೇ ನನಗೆ ಅನಿಸಿತ್ತು, ಈ ಮನುಷ್ಯನ ಹೊಟ್ಟೆಯಲ್ಲಿ ಏನೋ ಇದೆ ಎಂದು.

ಈಗಲೂ ಇದೆ. ಬಾಗಿಲಲ್ಲಿ ಕೂತಿದ್ದಾರೆ, ಕೈಯಲ್ಲಿ ಚಹಾದ ಲೋಟ, ಕುಡಿಯುತ್ತಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಾರೆ, ಅಲ್ಲ, ನನ್ನ ಕೈಯನ್ನಲ್ಲ, ಸ್ಟ್ಯಾಂಡಿನಲ್ಲಿ ತೂಗುಹಾಕಿದ ಫ್ರೇಮಿನ ಹಿಂಭಾಗವನ್ನು. ವರ್ಷವಿಡೀ ಇವರೇ ಇದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೊಲೆಗೆ ನೇತುಹಾಕಿದ್ದರು, ಒರೆಸಲು ಹೋದರೂ ಬೇಡ ಎನ್ನುತ್ತಿದ್ದರು, ಎರಡು ಸಲ ಯಾರಿಗೋ ಮಾರಲು ನೋಡಿದರು, ಮುರಿಯದ ಫ್ರೇಮನ್ನು ಯಾಕೆ ಮಾರಬೇಕು? ಈಗ ಜೆನಿಶಾ ಹಟ ಹಿಡಿದಿದ್ದಾಳೆ, ಶನಿವಾರದ ಓಟಕ್ಕೆ ನನ್ನ ಹಳೇದೇ ಬೇಕು, ನಾನು ಬಿದ್ದ ಸೈಕಲ್ಲಲ್ಲೇ ಆ ಫೂಲ್‌ಚೋಕಿ ಗುಡ್ಡ ಇಳೀತೀನಿ, ಮಾಂ ಕಟ್ಟಿಕೊಟ್ರೆ ಮಾತ್ರ. ಮಾಂ ಕಟ್ಟಿಕೊಟ್ರೆ ಮಾತ್ರ — ಅಪ್ಪನ ಎದುರಿಗೇ ಅಂದಳು. ಅವಳ ಅಬು ಮಧ್ಯಾಹ್ನದೊಳಗೆ ಪೇಟೆಗೆ ಹೋಗಿ ಹಿಂದಿನ ಭಾಗಕ್ಕೆ ಏಳೂ ಹೊಸ ಬೋಲ್ಟು ತಂದಿಟ್ಟರು, ಹಳೇವು ನೋಡ್ಬೇಡ ಮುದುಕಿ, ಬಿಚ್ಚಿ ಹಾಗೇ ಬುಟ್ಟಿಗೆ ಬಿಸಾಕು, ತುಕ್ಕು ಹಿಡಿದಿರುತ್ತೆ, ಎಂದರು. ಅವಕ್ಕೆ ತುಕ್ಕು ಹಿಡಿಯುವುದಿಲ್ಲ, ತಾಮ್ರಕಾರರ ಮಗ ಆಸಾಕಾಜಿ, ನನ್ನ ಗಂಡ, ಇವರಿಗೆ ಯಾವ ಲೋಹಕ್ಕೆ ತುಕ್ಕು, ಯಾವುದಕ್ಕೆ ಇಲ್ಲ ಎಂದು ನಾನು ಹೇಳಿಕೊಡಬೇಕೆ, ಏಳು ತಲೆಮಾರು ಲೋಹ ಬಡಿದ ಮನೆ ಇದು. ಹಾಗಾದರೆ ಯಾಕೆ ಹಾಗಂದರು?

ಬಿರುಕು. ಬಿರುಕೇ ಇರಬೇಕು. ಫ್ರೇಮು ಎಲ್ಲೋ ಸೀಳಿದೆ, ಮುಚ್ಚಿಟ್ಟಿದ್ದಾರೆ. ಹತ್ತಿ ತೆಗೆದುಕೊಂಡು ಉಜ್ಜುತ್ತಿದ್ದೇನೆ, ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ, ಕಣ್ಣಿಗೆ ಕಾಣದ್ದು ಹತ್ತಿಗೆ ಗೊತ್ತಾಗುತ್ತದೆ, ತಲೆಯ ಕೊಳವೆ, ಕೆಳಗಿನ ಕೊಳವೆ, ಪೆಡಲಿನ ಗೂಡು, ಎಲ್ಲೂ ಸಿಕ್ಕಲಿಲ್ಲ — ಹೊರಗೆ ಅಂಗಳದ ಬಿಸಿಲಲ್ಲಿ ಕಾಳು ಆರಿಸುತ್ತ ಅತ್ತೆ ಕೂಗುತ್ತಾರೆ, ಏನೇ ಸೊಸೆ, ಆ ಸೈಕಲ್ಲಿಗೆ ಇನ್ನೂ ಹೆರಿಗೆ ಆಗ್ಲಿಲ್ವಾ, ಇಷ್ಟು ಹೊತ್ತಿಗೆ ನಾನು ಎರಡು ಹೆತ್ತು ಅವಲಕ್ಕಿ ಕುಟ್ಟೋಕೆ ಹೋಗಿದ್ದೆ. ಹೆರಿಗೆ ಕಷ್ಟದ್ದು ಅತ್ತೆ, ಮಗು ಅಡ್ಡ ಸಿಕ್ಕಿದೆ, ಅಂದೆ. ನಕ್ಕರು. ಇವರು ನಗಲಿಲ್ಲ, ಮತ್ತೆ ಅದೇ ಜಾಗ ನೋಡುತ್ತಿದ್ದಾರೆ.

ಮದುವೆಯಾಗಿ ಬಂದಾಗ ನನಗೆ ಇಪ್ಪತ್ತೆರಡು, ಅಂಗಡಿಯ ಹೊಸ್ತಿಲು ದಾಟಬಾರದು ಎಂದಿದ್ದವರು ಇದೇ ಅತ್ತೆ, ಪಾನಾ ಮುಟ್ಟಿದ ಕೈಯಲ್ಲಿ ಅಡುಗೆ ಮಾಡ್ತೀಯಾ ಎಂದು, ನೋಡಿ ನೋಡಿಯೇ ಕಲಿತೆ, ಚಹಾ ಕೊಡುವ ನೆಪದಲ್ಲಿ ನಿಂತು, ಬ್ರೇಕಿನ ಎಣ್ಣೆ ತುಂಬುವುದು, ಹೊಡೆತ ನುಂಗುವ ಶಾಕು ಬಿಚ್ಚುವುದು, ಗುಂಡಿ ಎಷ್ಟು ತಿರುಗಿಸಿದರೆ ಫೋರ್ಕು ಕುಗ್ಗಿ ಎಷ್ಟು ಬೇಗ ಮೇಲೇಳುತ್ತದೆ — ಬಂಡೆಯ ಮೆಟ್ಟಿಲುಗಳ ಮೇಲೆ ಬೇಗ ಎದ್ದರೆ ಸವಾರನನ್ನು ಎಸೆಯುತ್ತದೆ, ನಿಧಾನವಾಗಿ ಎದ್ದರೆ ಮುಂದಿನ ಬಂಡೆಗೆ ಕುಗ್ಗಿದಂತೆಯೇ ಸಿಗುತ್ತದೆ — ಎಂಟು ಟಿಕ್ಕು, ಜೆನಿಶಾಳಿಗೆ ಎಂಟು. ನಮ್ಮ ಅಂಗಡಿಯ ಪದ್ಧತಿ ಒಂದೇ: ಬಿಗಿ ಮಾಡಿದ ಕೈಯೇ ಗೆರೆ ಎಳೆಯಬೇಕು, ಬೋಲ್ಟಿನ ತಲೆಯಿಂದ ಫ್ರೇಮಿನವರೆಗೆ ಒಂದು ಗೆರೆ, ಬೋಲ್ಟು ಸಡಿಲಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಇವರದು ಬಿಳಿ. ನನ್ನದು ಕೆಂಪು, ನನ್ನ ಉಗುರಿನ ಬಣ್ಣ, ಹೆಂಗಸಿನ ಗೆರೆ ಎಂದು ಗಿರಾಕಿಗಳು ಮೊದಲು ನಗುತ್ತಿದ್ದರು, ಆಮೇಲೆ ಕೆಂಪು ಗೆರೆಯ ಸೈಕಲ್ಲೇ ಕೊಡಿ ದಾಜು ಎಂದು ಇವರನ್ನು ಕೇಳಿಕೊಂಡು ಬಂದರು, ಆ ದಿನ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ಕೂತು ನಕ್ಕಿದ್ದೆ. ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಗೆರೆ ಒಂದೇ.

ಅವಳು ಬಿದ್ದದ್ದು ದಸೈಂ ಹಬ್ಬದ ದಶಮಿ ಕಳೆದು ಏಕಾದಶಿಯ ಬೆಳಿಗ್ಗೆ, ಬೇರುಗಳ ಇಳಿಜಾರಿನಲ್ಲಿ, ಹಿಂದಿನ ಚಕ್ರವನ್ನು ಹಿಡಿದಿರುವ ಲಿಂಕಿನ ಬಲಗಡೆಯ ಬೋಲ್ಟು ಕಳಚಿ ಹೋಗಿತ್ತು, ಚಕ್ರ ಪಕ್ಕಕ್ಕೆ ವಾಲಿ ಅವಳನ್ನು ಬಂಡೆಯ ಮೇಲೆ ಎಸೆದಿತ್ತು. ಇವರು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಹೇಳಿಬಿಟ್ಟರು, ಅದನ್ನ ಹಾಕಿದ್ದು ನಾನು, ತಪ್ಪು ನಂದು. ಎಷ್ಟು ಬೇಗ ಒಪ್ಪಿಕೊಂಡರು, ಬೇರೆ ವಿಷಯದಲ್ಲಿ ಮೂರು ದಿನ ವಾದ ಮಾಡುವ ಮನುಷ್ಯ. ಮೂರು ದಿನ ಕಾಡಿನಲ್ಲಿ ಎಲೆ ಕೆದಕಿ ಹುಡುಕಿದರು, ಬೋಲ್ಟು ಸಿಗಲಿಲ್ಲ ಎಂದರು, ಕಾಲಿನ ತುಂಬ ಜಿಗಣೆ ಕಚ್ಚಿದ ಗಾಯ, ಸಿಗಲಿಲ್ಲವೋ, ಸಿಕ್ಕಿತೋ. ಹಬ್ಬದ ಅಯ್ಲಾ ಸಾರಾಯಿ ಕುಡಿದಿದ್ದರು, ಅದಕ್ಕೇ ಕೈ ತಪ್ಪಿದೆ ಅಂದುಕೊಂಡೆ, ಅಂದುಕೊಂಡದ್ದನ್ನು ಜೆನಿಶಾಳಿಗೂ ಹೇಳಿದೆ, ಹೇಳಬಾರದಿತ್ತು, ಹೇಳಿದೆ. ಅಬು ಇನ್ನು ನನ್ನ ಸೈಕಲ್ ಮುಟ್ಟೋ ಹಾಗಿಲ್ಲ, ಅಂದಳು. ಹಾಗೆಯೇ ಆಯಿತು. ಮೊದಲೆಲ್ಲ ಅವಳ ಭಾರಕ್ಕೆ ಶಾಕು ಎಷ್ಟು ಕುಸಿಯುತ್ತದೆ ಎಂದು ಅಳೆಯುವಾಗ ಅಪ್ಪನೇ ಹ್ಯಾಂಡಲ್ ಹಿಡಿಯಬೇಕು, ಇವಳು ಪೂರಾ ವೇಷ ಹಾಕಿಕೊಂಡು ಹತ್ತಿ ಕೂರಬೇಕು, ಶಾಕಿನ ರಬ್ಬರ್ ಬಳೆ ಎಷ್ಟು ಜರುಗಿತು ಎಂದು ನಾನು ನೋಡಬೇಕು, ಅಬು ಬೀಳಿಸಿದ್ರೆ ನೋಡಿ, ಬೀಳಿಸಲ್ಲ ಮಾರಾಯ್ತಿ ನೆಲಕ್ಕೆ ಪೆಟ್ಟಾದ್ರೆ ಕಷ್ಟ, ಎಂದು ಇಬ್ಬರೂ ಕಿಸಕಿಸ ನಗುತ್ತಿದ್ದರು, ಬಳೆ ಅಲ್ಲಾಡಿಹೋಗಿ ನಾನು ಬೈಯುತ್ತಿದ್ದೆ. ಈಗ ಬೇರೆ ಸೈಕಲ್ಲು, ಗೋಡೆಗೆ ಒರಗಿ ಕೂರುತ್ತಾಳೆ. ಅಪ್ಪ ಎರಡು ಮೊಳದಲ್ಲಿ ನಿಂತಿರುತ್ತಾರೆ, ಕೈ ತನ್ನಷ್ಟಕ್ಕೆ ಮುಂದೆ ಬಂದು ಹಿಂದೆ ಹೋಗುತ್ತದೆ. ಪ್ರತಿ ಸವಾರಿಗೆ ಮುಂಚೆ ಒಂದೇ ಪ್ರಶ್ನೆ, ಯಾರು ಬಿಗಿ ಮಾಡಿದ್ದು ಮಾಂ, ನಾನು ಕಣೇ, ಎನ್ನುತ್ತೇನೆ, ಎನ್ನುವಾಗ — ಸುಳ್ಳೇಕೆ — ನಾಲಿಗೆಗೆ ಸಿಹಿಯಾಗುತ್ತದೆ.

ಹತ್ತಿ ಸಿಕ್ಕಿಕೊಂಡಿತು. ಬಿರುಕಲ್ಲ, ಟೇಪು. ಲಿಂಕಿನ ಎಡಗಡೆ, ಬೋಲ್ಟಿನ ತಲೆಯ ಮೇಲೆ ಕಪ್ಪು ಟೇಪು, ಮೂರು ಸುತ್ತು, ಇವರು ಹಾಕಿದ್ದೇ, ತುದಿಯನ್ನು ಮಡಚುವುದು ಇವರೊಬ್ಬರೇ. ಇದೇನು ಟೇಪು? ಅಂದೆ. ಧೂಳು ಕೂರ್ಬಾರದು ಅಂತ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದಕ್ಕೆ ಧೂಳು ಎಲ್ಲಿಂದ? ಬಿಡೇ, ಚಹಾ ಆರ್ತಿದೆ, ಅದನ್ನ ನಾನು ಬಿಚ್ತೀನಿ, ಅವಳಿಗೆ ಗೊತ್ತಾಗಲ್ಲ, ನೀನು ಮುಂದಿಂದು ಮುಗಿಸು, ಎಂದು ಎದ್ದೇ ಬಿಟ್ಟರು. ಕೂತ್ಕೊಳ್ಳಿ, ಅಂದೆ, ನನ್ನ ದನಿ ನನಗೇ ಅತ್ತೆಯ ದನಿಯಂತೆ ಕೇಳಿತು. ಕೂತರು. ಮಡಚಿದ ತುದಿ ಹಿಡಿದು ಎಳೆದೆ, ಅಂಟು ಜಗ್ಗಿ ಜಗ್ಗಿ ಬಂತು, ಅದರ ಕೆಳಗೆ ಕೆಂಪು.

ಕೆಂಪು. ಬೋಲ್ಟಿನ ತಲೆಯಿಂದ ಫ್ರೇಮಿನವರೆಗೆ, ನೇರ, ಎಲ್ಲೂ ಮುರಿದಿಲ್ಲ. ಸರಿ ಮತ್ತೆ, ಎಡಗಡೆ ನಾನು ಹಾಕಿದ್ದೆ, ಬಲಗಡೆ ಇವರು, ನನ್ನದು ಗಟ್ಟಿಯಾಗಿ ನಿಂತಿದೆ, ಇದರಲ್ಲಿ ಮುಚ್ಚಿಡುವುದೇನಿದೆ, ಎಂದುಕೊಳ್ಳುತ್ತಲೇ ಕೀ ಹಾಕಿದೆ, ಇಂಥ ಬೋಲ್ಟು ಬಿಚ್ಚಲು ಮೈಭಾರವೆಲ್ಲ ಹಾಕಿ ಒತ್ತಬೇಕು, ಎರಡು ಬೆರಳು ಇಟ್ಟೆ ಅಷ್ಟೆ, ಮೆತ್ತಗೆ ಸೋತಿತು. ಕೂದಲೆಳೆಯಷ್ಟು ಸರಿಯಿತು. ಬೆಂಕಿ ಮುಟ್ಟಿದವಳಂತೆ ಕೈ ತೆಗೆದು ಅಷ್ಟನ್ನೇ ಹಿಂದಕ್ಕೆ ತಂದೆ, ಗೆರೆ ಮತ್ತೆ ನೇರವಾಯಿತು. ಬಿಗಿ ಮಾಡದ ಬೋಲ್ಟು. ಬಿಗಿ ಮಾಡದ ಬೋಲ್ಟಿನ ಮೇಲೆ ನನ್ನ ಗೆರೆ.

ಇಲ್ಲ, ಇವರೇ ಬಳಿದಿರಬೇಕು. ವರ್ಷವಿಡೀ ಫ್ರೇಮು ಇವರ ಕೈಯಲ್ಲಿತ್ತು, ಬಣ್ಣದ ಸೀಸೆ ಕಪಾಟಿನಲ್ಲೇ ಇರುತ್ತದೆ, ಬಿಳಿಯ ಮೇಲೆ ಕೆಂಪು ಹಚ್ಚುವುದು ಎಷ್ಟು ಹೊತ್ತಿನ ಕೆಲಸ, ನನ್ನ ಮೇಲೆ ಹಾಕಲು, ಎಂದಾದರೂ ಜಗಳದಲ್ಲಿ ತೆಗೆದು ತೋರಿಸಲು. ಹೆಬ್ಬೆರಳಿನ ಉಗುರಿನಿಂದ ಗೆರೆಯ ತುದಿಯನ್ನು ಕೆರೆದೆ, ಕೆಂಪು ಚಕ್ಕೆ ಎದ್ದಿತು, ಕೆಳಗೆ ಬಿಳಿ ಬರುತ್ತದೆ, ಈಗ ಬರುತ್ತದೆ, ಇನ್ನೂ ಸ್ವಲ್ಪ ಕೆರೆದರೆ. ಬರೀ ಲೋಹ. ಫಳಫಳ ಹೊಳೆಯುವ ಬರೀ ಲೋಹ.

ಅತ್ತೆ, ಹೋದ ದಸೈಂನಲ್ಲಿ ಪಾನಾಗಳನ್ನ ಪೂಜೆಗೆ ಯಾವಾಗ ತೊಳೆದ್ರಿ? — ನನ್ನ ಬಾಯಿಂದಲೇ ಬಂತೇ ಈ ಪ್ರಶ್ನೆ? ಅಂಗಳದಿಂದ ಉತ್ತರ ಬಂತು, ಯಾವಾಗಂದ್ರೆ, ಅಷ್ಟಮಿ ಸಂಜೆ, ಆ ಟಕ್ ಅನ್ನೋ ದೊಡ್ಡ ಪಾನಾ ನಿನ್ನ ಕೈಯಿಂದಲೇ ಕಿತ್ಕೊಂಡೆನಲ್ಲೇ, ಇನ್ನೆರಡಿದೆ ಅತ್ತೆ ಇನ್ನೆರಡಿದೆ ಅಂತ ಹಿಂದಿಂದೇ ಬಂದೆ, ದೇವಿಗೆ ಎರಡಿದೆ ಮೂರಿದೆ ಅಂತ ಕಾಯೋಕಾಗುತ್ತಾ? ಇನ್ನೆರಡಿದೆ. ಐದಾಗಿತ್ತು, ಬಿಗಿ ಸಾಕಾದಾಗ ಟಕ್ ಎನ್ನುವ ಪಾನಾ ಅದು, ಟಕ್ ಟಕ್ ಎಂದು ಐದು, ಬರೀ ಕೈಯಲ್ಲಿ ತಿರುಗಿಸಿ ಕೂರಿಸಿದ್ದ ಲಿಂಕಿನ ಎರಡು ಕಡೆಯವು ಉಳಿದಿದ್ದವು, ಪಾನಾ ಹೋಯಿತು, ಕುಂಕುಮ ಬಿದ್ದ ಪಾನಾವನ್ನು ದಶಮಿಯ ದಿನ ಹಣೆಗೆ ಟೀಕಾ ಇಡುವುದು ಮುಗಿಯುವ ತನಕ ಯಾರೂ ಎತ್ತುವುದಿಲ್ಲ, ನಾನು ಕಿಟಕಿಯ ಹತ್ತಿರ ಕೂತು ಹಬ್ಬಕ್ಕೆ ಉಗುರಿಗೆ ಬಣ್ಣ ಹಚ್ಚಿಕೊಂಡೆ, ಸೀಸೆ ತೆರೆದೇ ಇತ್ತು, ಕುಂಚ ಒದ್ದೆಯಿತ್ತು, ನವಮಿಗೆ ಸೈಕಲ್ಲುಗಳೂ ಸಾಲಾಗಿ ಪೂಜೆಗೆ ನಿಲ್ಲಬೇಕು, ಹೋಗಿ ಗೆರೆ ಎಳೆದೆ, ಏಳಕ್ಕೂ, ಒಂದೇ ಉಸಿರಿನಲ್ಲಿ, ಯಾವಾಗಲೂ ಕೊನೆಗೆ ಒಟ್ಟಿಗೇ ಎಳೆಯುತ್ತಿದ್ದೆನಲ್ಲ ಹಾಗೆ. ಲಿಂಕಿನ ಒಂದು ಕಡೆ ಒಬ್ಬರು, ಇನ್ನೊಂದು ಕಡೆ ಇನ್ನೊಬ್ಬರು ಯಾರಾದರೂ ಹಾಕುತ್ತಾರೆಯೇ? ಬಲಗಡೆಯದೂ ನನ್ನದೇ. ಕಾಡಿನಲ್ಲಿ ಎಲೆಯ ಕೆಳಗೆ ಬಿದ್ದದ್ದೂ ಕೆಂಪೇ.

ಇವರಿಗೆ ಗೊತ್ತಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಗೊತ್ತಿತ್ತು. ಮಗಳನ್ನು ಕಳೆದುಕೊಂಡು ವರ್ಷ ಕಳೆದರು, ಎರಡು ಮೊಳದಲ್ಲಿ ನಿಂತು. ಕಾಪಾಡಿದರೋ, ಕಸಿದುಕೊಂಡರೋ, ಈ ಮನೆಯಲ್ಲಿ ನನ್ನದೆಂಬುದು ಒಂದು ಗೆರೆ ಇತ್ತು, ಅದರ ತಪ್ಪನ್ನೂ ತಮ್ಮದು ಮಾಡಿಕೊಂಡರು, ಕೇಳದೆ. ಕರುಣೆಯೇ ಆಗಿದ್ದರೆ ಯಾಕೆ ಒರೆಸಲಿಲ್ಲ? ಒಂದು ಹನಿ ಥಿನ್ನರ್, ಬಟ್ಟೆಯ ತುದಿ, ಮುಗಿಯಿತು, ಬೋಲ್ಟು ಬಿಗಿ ಮಾಡಿ ಬಿಳಿ ಗೆರೆ ಎಳೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ಟೇಪು ಹಾಕಿ ಉಳಿಸಿಕೊಂಡರು, ಮರೆಮಾಡಿದರು ಆದರೆ ಉಳಿಸಿಕೊಂಡರು, ಯಾಕೆ, ಇವರ ಮುಖ ನೋಡಿದೆ, ಚಹಾದ ಮೇಲೆ ಕೆನೆ ಕಟ್ಟಿದೆ. ಹೊಸ ಬೋಲ್ಟು ಇಲ್ಲೇ ಇದೆ, ಬುಟ್ಟಿ ಇಲ್ಲೇ ಇದೆ, ಥಿನ್ನರ್ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ, ಬುಟ್ಟಿಗೆ ಬಿಸಾಕು ಮುದುಕಿ ಎಂದು ಆ ಕಣ್ಣುಗಳು ಈಗಲೂ ಹೇಳುತ್ತಿವೆಯೋ, ಅಥವಾ ಹೇಳಿಬಿಡು ಎಂದೋ.

ಮೆಟ್ಟಿಲ ಮೇಲೆ ಶೂ ಸದ್ದು, ಮೊಣಕಾಲಿನ ಕವಚ ಕಟ್ಟಿಕೊಳ್ಳುತ್ತಲೇ ಇಳಿಯುತ್ತಿದ್ದಾಳೆ, ಆಯ್ತಾ ಮಾಂ, ನಾನು ಕೂರ್ಲಾ, ಹಿಂದಿನ ಶಾಕು ಇನ್ನೂ ಹಾಕಿಲ್ವಾ, ಅಯ್ಯೋ, ಇಷ್ಟೊತ್ತು ಏನ್ ಮಾಡ್ತಿದ್ರಿ ಇಬ್ರೂ, ಪ್ರೇಮಾನಾ? ಇವರು ಎದ್ದು ನನ್ನ ಮತ್ತು ಅವಳ ನಡುವೆ ನಿಂತರು, ಇನ್ನೂ ಒಂದು ಗಂಟೆ ಆಗುತ್ತೆ, ನೀನು ಮೇಲೆ ಹೋಗು. ಅಬೂನ ಕೇಳ್ಲಿಲ್ಲ ನಾನು, ಅಂದಳು, ಅಪ್ಪನ ಭುಜದ ಪಕ್ಕದಿಂದ ಇಣುಕಿ, ಆ ಲಿಂಕು ಯಾರು ಬಿಗಿ ಮಾಡಿದ್ದು ಮಾಂ? ಹಳೇದು ಮಗಾ, ನಾನು, ಎಂದು ಇವರು ಶುರುಮಾಡಿದರು, ನಾನು ಇವರ ತೋಳು ಹಿಡಿದು ಪಕ್ಕಕ್ಕೆ ಸರಿಸಿದೆ, ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಇರಬೇಕು, ಹಗುರಾಗಿ ಸರಿದರು. ಇಲ್ಲಿ ಬಾ ಜೆನಿಶಾ, ಕೀ ಹಿಡ್ಕೋ, ಎರಡೇ ಬೆರಳಲ್ಲಿ, ಮೊದಲು ಬಣ್ಣ ನೋಡು, ಆಮೇಲೆ ತಿರುಗಿಸು. ಅವಳು ನೋಡಿದಳು. ನನ್ನನ್ನು ನೋಡಿದಳು, ನನ್ನ ಉಗುರನ್ನು, ಮತ್ತೆ ಅದನ್ನು. ಎರಡು ಬೆರಳು ಇಟ್ಟಳು. ಬೋಲ್ಟು ತಿರುಗಿತು, ಎಷ್ಟು ಸಲೀಸಾಗಿ, ಸದ್ದೇ ಇಲ್ಲದೆ, ಮತ್ತೆ ಗೆರೆ — ನೇರವಾಗಿ ನಿಂತಿದ್ದ ಗೆರೆ — ಅರ್ಧ ಬೋಲ್ಟಿನ ಜೊತೆ ಹೋಯಿತು, ಅರ್ಧ ಫ್ರೇಮಿನ ಮೇಲೆ ಉಳಿಯಿತು, ಕೆಂಪು, ಇಲ್ಲಿ ಇಷ್ಟು, ಅಲ್ಲಿ ಇಷ್ಟು, ನಡುವೆ ಒಂದು ಬೆರಳಿನಷ್ಟು ಬರೀ ಲೋಹ, ಕೆಂಪು